ಹಳೆಯ ರಾಕ್, ಹೊಸ ಗದ್ದಲ ಮತ್ತು ನಿಮ್ಮ ಕಿವಿ

ಎಪ್ಪತ್ತರ ದಶಕದಲ್ಲಿ ಕಾಲೇಜಿನಲ್ಲಿದ್ದು, ಆಗಿನ ಇಂಗ್ಲಿಷ್ ರಾಕ್ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹಗಲೂ ರಾತ್ರಿ ಕೇಳಿದವರೊಬ್ಬರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇರಬಹುದು. ಈಗ ಅವರಿಗೆ ಅರವತ್ತೈದು, ಎಪ್ಪತ್ತು ವಯಸ್ಸು. ಅವರ ಬಾಯಿಂದ ಎರಡು ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಒಂದು, 'ಆ ಕಾಲದ ಸಂಗೀತ ಮತ್ತೆ ಹುಟ್ಟಲಿಲ್ಲ.' ಇನ್ನೊಂದು, 'ಈಗಿನದೆಲ್ಲ ಬರೀ ಗದ್ದಲ, ಒಂದು ಪದವೂ ತಿಳಿಯುವುದಿಲ್ಲ.' ಮೂರನೆಯ ಮಾತು ಅವರದಲ್ಲ, ಅವರ ಮನೆಯವರದು: 'ಏನ್ರೀ, ಟಿ.ವಿ. ಅಷ್ಟು ಜೋರಾಗಿ ಇಡಬೇಡಿ, ಪಕ್ಕದ ಮನೆಗೂ ಕೇಳಿಸುತ್ತೆ.'

ಈ ಮೂರೂ ಮಾತುಗಳಿಗೆ ಒಂದಕ್ಕೊಂದು ಸಂಬಂಧವಿದೆ. ಮೊದಲನೆಯದು ಮಿದುಳಿಗೆ ಸೇರಿದ್ದು, ಮೂರನೆಯದು ಕಿವಿಗೆ ಸೇರಿದ್ದು. ನಡುವಿನದರಲ್ಲಿ ಎರಡರ ಪಾಲೂ ಇದೆ, ಜೊತೆಗೆ ಸ್ವಲ್ಪ ನಿಜವೂ ಇದೆ.

ರಾಕ್ ಸಂಗೀತದ ಪರಿಚಯವಿಲ್ಲದವರಿಗೆ ಒಂದು ಮಾತು. 1960ರಿಂದ 1980ರ ದಶಕದವರೆಗೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಹೆಸರು ಮಾಡಿದ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ದ ಹೂ, ಲೆಡ್ ಜೆಪೆಲಿನ್, ಪಿಂಕ್ ಫ್ಲಾಯ್ಡ್ ಮುಂತಾದ ತಂಡಗಳ ಹಾಡುಗಳನ್ನು ಇಂದು 'ಕ್ಲಾಸಿಕ್ ರಾಕ್' ಎನ್ನುತ್ತಾರೆ. ವಿದ್ಯುತ್ ಗಿಟಾರ್, ಡ್ರಮ್ಸ್ ಮತ್ತು ಭಾರೀ ಧ್ವನಿವರ್ಧಕ ಇದರ ಜೀವಾಳ. ಜೋರು ಎಂಬುದು ಈ ಸಂಗೀತಕ್ಕೆ ಆಕಸ್ಮಿಕವಾಗಿ ಅಂಟಿಕೊಂಡ ಗುಣವಲ್ಲ. ಎದೆಗೆ ಬಡಿಯುವಷ್ಟು ಜೋರಿಲ್ಲದಿದ್ದರೆ ಅದು ರಾಕ್ ಎನಿಸುವುದೇ ಇಲ್ಲ.

ಹದಿಹರೆಯದ ಹಾಡು ಏಕೆ ಅಳಿಸುವುದಿಲ್ಲ?

ವಯಸ್ಸಾದವರನ್ನು ಕೂರಿಸಿ ಬದುಕಿನ ನೆನಪುಗಳನ್ನು ಕೇಳಿದರೆ, ಸರಿಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳೇ ಹೆಚ್ಚಾಗಿ ಹೊರಬರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸಂಗೀತದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹದಿಹರೆಯದಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಭಾವನೆಗಳು ತೀವ್ರವಾಗಿರುತ್ತವೆ, 'ನಾನು ಯಾರು' ಎಂಬ ಪ್ರಶ್ನೆ ಕಾಡುತ್ತಿರುತ್ತದೆ. ಗೆಳೆಯರ ಗುಂಪು, ಹಾಸ್ಟೆಲಿನ ಕೋಣೆ, ಮೊದಲ ಪ್ರೀತಿ, ಮೊದಲ ಸೋಲು ಎಲ್ಲವೂ ಆಗ ಕೇಳಿದ ಹಾಡಿನ ಜೊತೆ ಹೆಣೆದುಕೊಳ್ಳುತ್ತವೆ. ನಲವತ್ತು ವರ್ಷದ ನಂತರ ಆ ಹಾಡು ಕೇಳಿದಾಗ ಕಿವಿಗೆ ಬೀಳುವುದು ಹಾಡೊಂದೇ ಅಲ್ಲ, ಅಂದಿನ ಇಡೀ ಬದುಕು.

ಮಿದುಳಿನ ರಸಾಯನವೂ ಇದಕ್ಕೆ ನೆರವಾಗುತ್ತದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲರಿ ಸಲೀಂಪೂರ್ ಮತ್ತು ರಾಬರ್ಟ್ ಝಟೋರೆ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೆಚ್ಚಿನ ಸಂಗೀತ ಕೇಳುವವರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಕಂಡುಬಂತು. ರುಚಿಯಾದ ಊಟ ಸಿಕ್ಕಾಗಲೂ ಕೆಲಸ ಮಾಡುವ ರಾಸಾಯನಿಕವೇ ಇದು. ಸ್ವಾರಸ್ಯವೆಂದರೆ, ಮೈ ಜುಮ್ಮೆನ್ನುವ ಆ ಕ್ಷಣ ಬರುವುದಕ್ಕೆ ಸ್ವಲ್ಪ ಮುಂಚೆ, 'ಈಗ ಬರುತ್ತದೆ, ಈಗ ಬರುತ್ತದೆ' ಎಂದು ಕಾಯುವಾಗಲೇ ಅದು ಒಂದು ಭಾಗದಲ್ಲಿ ಹೆಚ್ಚುತ್ತದೆ, ಕ್ಷಣ ಬಂದಾಗ ಇನ್ನೊಂದು ಭಾಗದಲ್ಲಿ. ಹಾಗೆ ಕಾಯಬೇಕಾದರೆ ಹಾಡು ಮೊದಲೇ ಗೊತ್ತಿರಬೇಕಲ್ಲವೇ? ನೂರು ಸಲ ಕೇಳಿದ ಹಳೆಯ ಹಾಡಿನ ಎದುರು ಇಂದು ಮೊದಲ ಬಾರಿಗೆ ಕೇಳಿದ ಹೊಸ ಹಾಡು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ಕಂಠವೊಂದೇ ಕಂಠ ಎನ್ನುವ ನಿಮ್ಮ ತಾಯಿಯವರದೂ ಇದೇ ಕಥೆ.

ಹಾಗಾದರೆ ಎಂಬತ್ತರ ದಶಕದ ನಂತರ ಹುಟ್ಟಿದವರೂ ಕ್ಲಾಸಿಕ್ ರಾಕ್ ಮೆಚ್ಚುವುದು ಏಕೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಸಂಗಡಿಗರು 2013ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದಾಗ, ತಮ್ಮ ಕಾಲದ ಹಾಡುಗಳ ಜೊತೆಗೆ, ತಂದೆತಾಯಿಯ ಯೌವನದ ಕಾಲವಾದ ಎಂಬತ್ತರ ದಶಕದ ಆರಂಭದ ಹಾಡುಗಳನ್ನೂ ಅವರು ವಿಶೇಷವಾಗಿ ಮೆಚ್ಚಿ ಗುರುತಿಸಿದರು. ಅರವತ್ತರ ದಶಕದ ಹಾಡುಗಳಿಗೂ ಹಾಗೆಯೇ ಒಂದು ಒಲವು ಕಂಡಿತು. ಮಗು ಆಡಿಕೊಂಡಿರುವಾಗ ಮನೆಯಲ್ಲಿ ಹಿರಿಯರು ಹಾಕಿದ ಹಾಡು ಅದರ ಪಾಲಿಗೂ ಬಾಲ್ಯದ ಹಾಡಾಗುತ್ತದೆ. ಹೀಗೆ ಹಾಡಿನ ಒಲವು ಮನೆಯ ಆಸ್ತಿಯಂತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತದೆ.

ಹೊಸ ಸಂಗೀತ ನಿಜಕ್ಕೂ ಕೆಟ್ಟಿದೆಯೇ?

ಪೂರ್ತಿ ಸುಳ್ಳೆನ್ನಲು ಬಾರದು. ಸ್ಪೇನಿನ ಸಂಶೋಧಕ ಜೋನ್ ಸೆರ್ರಾ ಮತ್ತು ಸಂಗಡಿಗರು 1955ರಿಂದ 2010ರವರೆಗಿನ ಸುಮಾರು 4 ಲಕ್ಷ 64 ಸಾವಿರ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಿಂದ ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ದಶಕಗಳು ಉರುಳಿದಂತೆ ಸ್ವರ ಸಂಚಾರದ ವೈವಿಧ್ಯ ಕಡಿಮೆಯಾಗಿದೆ, ನಾದದ ಬಗೆಗಳು ಒಂದೇ ತೆರನಾಗುತ್ತಿವೆ, ಧ್ವನಿಮುದ್ರಣದ ಜೋರು ಏರುತ್ತ ಬಂದಿದೆ ಎಂಬುದು ಅದರ ಸಾರ. ಆದರೆ ಒಂದನ್ನು ಮರೆಯಬಾರದು. ಎಪ್ಪತ್ತರ ದಶಕದಲ್ಲೂ ಕಳಪೆ ಹಾಡುಗಳು ರಾಶಿರಾಶಿಯಾಗಿ ಬಂದಿದ್ದವು. ಕಾಲ ಅವನ್ನು ಜರಡಿ ಹಿಡಿದು ಗಟ್ಟಿಯಾದದ್ದನ್ನು ಮಾತ್ರ ಉಳಿಸಿದೆ. ಈ ವಾರದ ಹಾಡುಗಳನ್ನು ಯಾರೂ ಇನ್ನೂ ಜರಡಿ ಹಿಡಿದಿಲ್ಲ.

ಜೋರಿನ ವಿಷಯ ಮಾತ್ರ ವೈದ್ಯರಿಗೂ ಸಂಬಂಧಿಸಿದ್ದು. ಹಾಡಿನಲ್ಲಿ ಮೆಲುದನಿ, ಏರುದನಿ ಎರಡೂ ಇರಬೇಕು. 1982ರಲ್ಲಿ ಸಿ.ಡಿ. ಬಂದ ಮೇಲೆ, ಅದರಲ್ಲೂ ತೊಂಬತ್ತರ ದಶಕದಿಂದ, ತಮ್ಮ ಹಾಡು ರೇಡಿಯೋದಲ್ಲಿ ಪಕ್ಕದ ಹಾಡಿಗಿಂತ ಜೋರಾಗಿ ಕೇಳಲಿ ಎಂದು ಕಂಪನಿಗಳು ಪೈಪೋಟಿಗೆ ಇಳಿದವು. ಮೆಲುದನಿಯನ್ನು ಎತ್ತಿ ಏರುದನಿಯ ಮಟ್ಟಕ್ಕೆ ತಂದು, ಎಲ್ಲವನ್ನೂ ಒಂದೇ ಸಮ ಮಾಡುವ ತಂತ್ರ ಬಳಸಿದವು. ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಎಂಬ ಆಲ್ಬಂ ಹೀಗೆ ಒತ್ತಿ ತುಂಬಿದ್ದಕ್ಕಾಗಿ ಅದರ ಅಭಿಮಾನಿಗಳೇ ಸಿಟ್ಟಾಗಿ, ಮತ್ತೆ ಮಿಶ್ರಣ ಮಾಡಿಕೊಡಿ ಎಂದು ಮನವಿ ಸಲ್ಲಿಸಿದರು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಆಟದಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತಿದ್ದವು! ಇಂಥ ಹಾಡಿನಲ್ಲಿ ಕಿವಿಗೆ ಬಿಡುವು ಸಿಗುವುದಿಲ್ಲ, ಬೇಗ ದಣಿವಾಗುತ್ತದೆ. ಮೊಬೈಲಿನಲ್ಲಿ ಹಾಡು ಒದಗಿಸುವ ಕಂಪನಿಗಳು ಎಲ್ಲ ಹಾಡುಗಳ ಜೋರನ್ನೂ ತಾವೇ ಒಂದು ಮಟ್ಟಕ್ಕೆ ಹೊಂದಿಸಲು ತೊಡಗಿದ ಮೇಲೆ ಈ ಪೈಪೋಟಿಗೆ ಹಿಂದಿನ ಅರ್ಥ ಉಳಿದಿಲ್ಲ.

ಇನ್ನು ನಾವು ಒಪ್ಪಿಕೊಳ್ಳಲು ಹಿಂಜರಿಯುವ ಕಾರಣ: ಕೇಳುವ ಕಿವಿಯೇ ಬದಲಾಗಿರುತ್ತದೆ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಶಬ್ದಗಳನ್ನು ಹಿಡಿಯುವ ಶಕ್ತಿ. ಸ, ಶ, ಫ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ಹೀಗಾಗಿ 'ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ' ಎಂಬ ದೂರು. ಹಳೆಯ ಹಾಡಿನಲ್ಲಿ ಈ ಕೊರತೆ ಗೊತ್ತಾಗುವುದಿಲ್ಲ. ಪದಗಳೆಲ್ಲ ಬಾಯಿಪಾಠವಾಗಿರುವುದರಿಂದ ಕಿವಿ ಬಿಟ್ಟದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹೊಸ ಹಾಡಿನಲ್ಲಿ ತುಂಬಲು ಏನೂ ಇರುವುದಿಲ್ಲ, ಅದು ಗದ್ದಲವಾಗಿಯೇ ಉಳಿಯುತ್ತದೆ. ಇನ್ನೊಂದು ವಿಚಿತ್ರವನ್ನು ನೀವು ಗಮನಿಸಿರಬಹುದು. ಅಜ್ಜನಿಗೆ ಮೆಲ್ಲಗೆ ಹೇಳಿದರೆ ಕೇಳಿಸದು. ಸ್ವಲ್ಪ ದನಿ ಏರಿಸಿದರೆ 'ಯಾಕೆ ಕಿರುಚುತ್ತೀ, ನನಗೇನು ಕಿವುಡೇ?' ಎಂದು ಗದರುತ್ತಾರೆ. ಇದು ಹಟವಲ್ಲ. ಒಳಗಿವಿ ಹಾಳಾದಾಗ ಮೆಲುದನಿ ಕೇಳಿಸುವುದಿಲ್ಲ, ಜೋರುದನಿ ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ನಡುವೆ ಹಿತವಾಗಿ ಕೇಳುವ ಅಂತರ ಕಿರಿದಾಗುತ್ತದೆ.

ರಾಕ್ ತೆತ್ತ ಬೆಲೆ

ಮುಪ್ಪು ಎಲ್ಲರಿಗೂ ಬರುತ್ತದೆ. ಆದರೆ ಕಿವಿಯನ್ನು ಮುಪ್ಪಿಗೆ ಮುಂಚೆಯೇ ಮುದಿಯಾಗಿಸುವುದು ಜೋರಾದ ಶಬ್ದ. ಇದಕ್ಕೆ ರಾಕ್ ಸಂಗೀತಗಾರರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ ಫುಟ್‌ಬಾಲ್ ಮೈದಾನದಲ್ಲಿ ದ ಹೂ ತಂಡದ ಕಾರ್ಯಕ್ರಮ ನಡೆದಾಗ, ಧ್ವನಿವರ್ಧಕಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಶಬ್ದ ದಾಖಲಾಯಿತು. ಅತಿ ಜೋರಿನ ಕಛೇರಿ ಎಂದು ಗಿನ್ನೆಸ್ ಪುಸ್ತಕ ಅದನ್ನು ಸೇರಿಸಿಕೊಂಡಿತು. ಮುಂದೆ, ಕಿವಿ ಕೆಡಿಸುವ ಪೈಪೋಟಿಗೆ ಕುಮ್ಮಕ್ಕು ಕೊಟ್ಟಂತಾಗುತ್ತದೆಂದು ಆ ವಿಭಾಗವನ್ನೇ ಕೈಬಿಟ್ಟಿತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಶ್ರವಣಶಕ್ತಿ ಕುಂದಿ, ಬಿಡದೆ ಕಾಡುವ ಕಿವಿಮೊರೆತದಿಂದ ನರಳಿದರು. ತಮ್ಮ ಕಿವಿಯನ್ನು ಹೆಚ್ಚಾಗಿ ಹಾಳು ಮಾಡಿದ್ದು ವೇದಿಕೆಯಲ್ಲ, ಸ್ಟುಡಿಯೋದಲ್ಲಿ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನ್ ಎಂದು ಅವರು 2006ರಲ್ಲಿ ಹೇಳಿದ್ದನ್ನು, ಇಂದು ಮಕ್ಕಳ ಕಿವಿಯಲ್ಲಿ ಇಯರ್‌ಫೋನ್ ನೋಡುವ ಪ್ರತಿಯೊಬ್ಬ ತಾಯಿತಂದೆಯೂ ನೆನಪಿಡಬೇಕು. ಎರಿಕ್ ಕ್ಲಾಪ್ಟನ್ 2018ರಲ್ಲಿ ಬಿಬಿಸಿ ಸಂದರ್ಶನದಲ್ಲಿ ತಮಗೆ ಕಿವುಡು ಬರುತ್ತಿದೆ, ಕಿವಿಮೊರೆತವಿದೆ ಎಂದರು. ಎಸಿ/ಡಿಸಿ ತಂಡದ ಗಾಯಕ ಬ್ರಯನ್ ಜಾನ್ಸನ್, ಮುಂದುವರಿದರೆ ಪೂರ್ತಿ ಕಿವುಡಾಗುವಿರೆಂದು ವೈದ್ಯರು ಎಚ್ಚರಿಸಿದ ಮೇಲೆ 2016ರಲ್ಲಿ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಿದರು. ಮೋಟಾರು ರೇಸಿನ ಹುಚ್ಚೂ ಇದ್ದ ಅವರು ಅದರ ಸದ್ದನ್ನೂ ದೂರಿದ್ದಾರೆ. ಶಬ್ದ ಎಲ್ಲಿಂದ ಬಂದರೇನು, ಲೆಕ್ಕ ಒಂದೇ ಖಾತೆಗೆ ಸೇರುತ್ತದೆ.

ನಮ್ಮವರೂ ಇದರಿಂದ ದೂರವಿಲ್ಲ. ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಸಾವಿರಾರು ಜನ ಸೇರಿದ್ದರು. ಅಂಥ ರಾತ್ರಿ ಮನೆಗೆ ಮರಳಿದವರಲ್ಲಿ ಎಷ್ಟೋ ಮಂದಿಗೆ ಕಿವಿಯೊಳಗೆ 'ಗುಂಯ್' ಎನ್ನುವ ಸದ್ದು, ಹತ್ತಿ ತುರುಕಿದಂಥ ಮಂಕು ಕಾಣಿಸುವುದು ಸಾಮಾನ್ಯ. ಒಂದೆರಡು ದಿನದಲ್ಲಿ ಸರಿಹೋಯಿತು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಒಳಗೆ ಏನು ನಡೆದಿತ್ತು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಪ್ರತಿ ಕಿವಿಯಲ್ಲೂ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದದ ಅಲೆಗೆ ಇವುಗಳ ತುದಿಯ ಸೂಕ್ಷ್ಮ ರೋಮಗಳು ಬಾಗಿ, ನರಕ್ಕೆ ಸಂದೇಶ ಕಳಿಸುತ್ತವೆ. ಹದವಾದ ಗಾಳಿಗೆ ರಾಗಿ ಪೈರು ಬಾಗಿ ಏಳುತ್ತದೆ, ಬಿರುಗಾಳಿಗೆ ಮಲಗಿಬಿಡುತ್ತದೆ. ಇಲ್ಲಿಯೂ ಹಾಗೆಯೇ. ವ್ಯತ್ಯಾಸವೆಂದರೆ, ಪೈರನ್ನು ಮರುವರ್ಷ ಬಿತ್ತಬಹುದು. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಮದ್ದಿಲ್ಲ, ಶಸ್ತ್ರಚಿಕಿತ್ಸೆಯಿಂದ ಮೊದಲಿನಂತೆ ಮಾಡಲೂ ಆಗದು. ಇಲಿಗಳ ಮೇಲೆ ಪ್ರಯೋಗ ನಡೆಸಿದ ಅಮೆರಿಕದ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಜೋರು ಶಬ್ದದ ನಂತರ ಪರೀಕ್ಷೆಯಲ್ಲಿ ಶ್ರವಣಶಕ್ತಿ ಮರಳಿ ಬಂದಂತೆ ಕಂಡರೂ, ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಕಳಚಿಹೋಗಿದ್ದವು. ಸರಿಹೋಯಿತು ಎಂದುಕೊಳ್ಳುವುದೆಲ್ಲ ಸರಿಹೋಗಿರುವುದಿಲ್ಲ.

ಎಷ್ಟು ಜೋರು, ಎಷ್ಟು ಹೊತ್ತು? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ ಸುಲಭವಾಗಿದೆ. ಅಡುಗೆಮನೆಯ ಮಿಕ್ಸಿಯ ಸದ್ದಿಗೆ ಹತ್ತಿರವಾದ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 100 ಆದರೆ ಕೇವಲ 15 ನಿಮಿಷ. ನೂರು ಡೆಸಿಬೆಲ್‌ನ ಕಛೇರಿಯಲ್ಲಿ ಎರಡೂವರೆ ಗಂಟೆ ನಿಂತವರು ಒಂದೇ ಸಂಜೆಯಲ್ಲಿ ಹತ್ತು ದಿನದ ಪಾಲನ್ನು ಖರ್ಚು ಮಾಡಿರುತ್ತಾರೆ. ಗಣೇಶನ ಮೆರವಣಿಗೆಯ ಡಿ.ಜೆ., ಮದುವೆ ಮಂಟಪದ ಧ್ವನಿವರ್ಧಕದ ಮುಂದಿನ ಕುರ್ಚಿ, ಇವಕ್ಕೂ ಇದೇ ಲೆಕ್ಕ.

ಕಛೇರಿ ವರ್ಷಕ್ಕೊಮ್ಮೆ. ಇಯರ್‌ಫೋನ್ ದಿನವೂ ಕಿವಿಯಲ್ಲೇ ಇರುತ್ತದೆ. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಜನರ ಶ್ರವಣಶಕ್ತಿ ಅಸುರಕ್ಷಿತ ಆಲಿಕೆಯಿಂದ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಅದರ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗಾದರೆ 75 ಡೆಸಿಬೆಲ್ ಮಿತಿ. ಮಗ ಕೇಳುವ ಸಂಗೀತ ನಿಮಗೆ ಇಷ್ಟವೋ ಇಲ್ಲವೋ ಎಂಬ ಜಗಳಕ್ಕಿಂತ, ಅವನು ಅದನ್ನು ಎಷ್ಟು ಜೋರಾಗಿ ಕೇಳುತ್ತಾನೆ ಎಂಬ ಪ್ರಶ್ನೆ ಮುಖ್ಯ. ಅದೇ ಪ್ರಶ್ನೆಯನ್ನು ನಿಮ್ಮ ಯೌವನದ ಬಗ್ಗೆಯೂ ಕೇಳಿಕೊಳ್ಳಿ.

ನೀವು ಮಾಡಬಹುದಾದದ್ದು

ಮೊಬೈಲಿನ ಧ್ವನಿಯನ್ನು ಗರಿಷ್ಠದ ಶೇಕಡಾ 60ಕ್ಕಿಂತ ಕೆಳಗೆ ಇಡಿ. ಬಸ್ಸಿನಲ್ಲಿ ಹೊರಗಿನ ಸದ್ದನ್ನು ಮುಳುಗಿಸಲು ಧ್ವನಿ ಏರಿಸುವುದೇ ಹೆಚ್ಚಿನವರ ತಪ್ಪು. ಹೊರಗಿನ ಶಬ್ದ ತಡೆಯುವ ಹೆಡ್‌ಫೋನ್ ಇದ್ದರೆ ಆ ಅಗತ್ಯ ಬೀಳದು. ತೋಳಿನಳತೆಯ ದೂರದಲ್ಲಿ ನಿಂತು ಮಾತನಾಡಿಸಿದಾಗ ಮಗುವಿಗೆ ಕೇಳಿಸದಿದ್ದರೆ ಜೋರು ಮಿತಿಮೀರಿದೆ ಎಂದು ತಿಳಿಯಿರಿ. ಕಛೇರಿಗೆ ಹೋದಾಗ ಧ್ವನಿವರ್ಧಕದಿಂದ ದೂರ ನಿಲ್ಲಿ, ನಡುನಡುವೆ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡಿ, ಔಷಧದಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಹಾಕಿಕೊಳ್ಳಿ. ಹತ್ತಿ ಇಟ್ಟುಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ.

ಕಿವಿಮೊರೆತ ನಿಲ್ಲದಿದ್ದರೆ, ಗುಂಪಿನಲ್ಲಿ ಮಾತು ತಿಳಿಯದಿದ್ದರೆ, ಟಿ.ವಿ.ಯ ಧ್ವನಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಒಂದು ದಿನವೂ ಕಾಯಬೇಡಿ. ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಶುರುವಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತ ವಾರ ಕಳೆಯಬೇಡಿ. ನರದ ಕಿವುಡಿಗೆ ಅದರಿಂದ ಏನೂ ಆಗದು.

ಶ್ರವಣಯಂತ್ರ ಹಾಕಿಕೊಂಡವರು 'ಹಾಡು ತಗಡು ಬಡಿದಂತೆ ಕೇಳುತ್ತದೆ' ಎಂದು ಅದನ್ನು ಮೇಜಿನ ಖಾನೆಯಲ್ಲಿ ಇಡುವುದುಂಟು. ಯಂತ್ರವನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ, ಸಂಗೀತದ ಏರಿಳಿತ ಅದಕ್ಕೆ ಒಗ್ಗುವುದಿಲ್ಲ. ಸಂಗೀತಕ್ಕೆಂದೇ ಬೇರೆ ಹೊಂದಾಣಿಕೆ ಮಾಡಿಕೊಡಿ ಎಂದು ಶ್ರವಣತಜ್ಞರನ್ನು ಕೇಳಿ. ಹಲವು ಯಂತ್ರಗಳಲ್ಲಿ ಈ ಸೌಲಭ್ಯವಿದೆ. ಕಿವಿ ಕೇಳಿಸದೆ ಮೂಲೆ ಸೇರಿ ಕೂರುವುದು ಒಳ್ಳೆಯದಲ್ಲ. ಮರೆವಿನ ಕಾಯಿಲೆಗೆ ಕಾರಣವಾಗಬಲ್ಲ, ಆದರೆ ತಡೆಯಬಹುದಾದ 14 ಅಂಶಗಳನ್ನು 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿದಾಗ, ಶ್ರವಣದೋಷವೂ ಅದರಲ್ಲಿತ್ತು.

ಮನೆಯಲ್ಲಿ ಈಗಾಗಲೇ ಅಲ್ಜೈಮರ್ ಕಾಯಿಲೆಯವರಿದ್ದರೆ ಅವರ ಹದಿಹರೆಯದ ಹಾಡುಗಳನ್ನು ಹುಡುಕಿ ತನ್ನಿ. ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದಂತೆ, ಬಹುಕಾಲದಿಂದ ಪರಿಚಿತವಾದ ಸಂಗೀತದ ನೆನಪನ್ನು ಹಿಡಿದಿಟ್ಟುಕೊಳ್ಳುವ ಮಿದುಳಿನ ಭಾಗಗಳು ಈ ಕಾಯಿಲೆಯಲ್ಲಿ ಬೇರೆ ಭಾಗಗಳಿಗಿಂತ ತಡವಾಗಿ ಹಾಳಾಗುತ್ತವೆ. ಮಗನ ಹೆಸರು ಮರೆತವರೂ ಹಾಡಿನ ಮುಂದಿನ ಸಾಲನ್ನು ಗುನುಗುವುದುಂಟು. ಅವರು ಇಪ್ಪತ್ತರ ವಯಸ್ಸಿನಲ್ಲಿದ್ದಾಗ ಮೆಚ್ಚುತ್ತಿದ್ದ ಹತ್ತು ಹಾಡುಗಳನ್ನು ಅಣ್ಣತಮ್ಮಂದಿರನ್ನೋ ಹಳೆಯ ಸಹಪಾಠಿಗಳನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಸಂಜೆಯ ಹೊತ್ತು, ಒಂದೊಂದಾಗಿ, ಟಿ.ವಿ. ಆರಿಸಿ, ಧ್ವನಿ ತಗ್ಗಿಸಿ ಕೇಳಿಸಿ.